ಇಲಿಗೆ ಎದ್ದ ಗಡ್ಡೆ ನಮಗೂ ಏಳುತ್ತದೆಯೇ?

ಪ್ರಶ್ನೆ: ಸಕ್ಕರೆ ಬದಲಿಗೆ ಬಳಸುವ ಕೃತಕ ಸಿಹಿ ಸ್ಯಾಕರಿನ್ ತಿಂದ ಇಲಿಗಳಿಗೆ ಕ್ಯಾನ್ಸರ್ ಬಂದಿತ್ತಂತೆ. ಅಷ್ಟೊಂದು ತಿನ್ನಿಸಿದರೆ ಯಾವುದರಿಂದ ತಾನೇ ಬರುವುದಿಲ್ಲ?

ಮತ್ತೆ ಇದೇ ಮಾತು. ಇಲಿ ತಾಳುವ ಗರಿಷ್ಠ ಪ್ರಮಾಣ ಕೊಟ್ಟರೂ ಒಂದೂ ಗಡ್ಡೆ ಎಬ್ಬಿಸದ ರಾಸಾಯನಿಕಗಳು ಬೇಕಾದಷ್ಟಿವೆ. ಯಾರೂ ಬೇಕಾಬಿಟ್ಟಿ ಸುರಿಯುವುದೂ ಇಲ್ಲ: ಅತಿ ಹೆಚ್ಚಿನ ಪ್ರಮಾಣದಲ್ಲೂ ಇಲಿಯ ತೂಕ ಸುಮಾರು ಶೇ 10ಕ್ಕಿಂತ ಹೆಚ್ಚು ಕುಗ್ಗಬಾರದು. ಪರೀಕ್ಷೆಯಲ್ಲಿ ಪ್ರತಿ ಪ್ರಮಾಣಕ್ಕೆ 50 ಗಂಡು, 50 ಹೆಣ್ಣು, ಹೋಲಿಕೆಗೆ ಏನೂ ಬೆರೆಸದ ಆಹಾರ ತಿನ್ನುವ ಅಷ್ಟೇ ದೊಡ್ಡ ಗುಂಪು, ಎರಡು ವರ್ಷ. ಸಾವಿರಕ್ಕೆ ಒಬ್ಬರಿಗೆ ಬರುವ ಕ್ಯಾನ್ಸರ್ 50 ಇಲಿಗಳಲ್ಲಿ ಸುಳಿವೇ ಕೊಡುವುದಿಲ್ಲ, ಅದಕ್ಕೇ ಪ್ರಮಾಣ ಏರಿಸುವುದು. ಬೆರೆಸದ 50ರಲ್ಲಿ ಸೊನ್ನೆ, ಬೆರೆಸಿದ 50ರಲ್ಲಿ ನಾಲ್ಕು ಗಡ್ಡೆ ಎಂದರೂ ಸಂಖ್ಯಾಶಾಸ್ತ್ರ ಒಪ್ಪುವುದಿಲ್ಲ, ಅದು ಆಕಸ್ಮಿಕವೂ ಇರಬಹುದು. ಐದಾದರೆ ಕಿವಿ ನಿಮಿರುತ್ತದೆ.

ಸ್ಯಾಕರಿನ್ ವಿಷಯದಲ್ಲಿ ಗಡ್ಡೆ ಬಂದದ್ದು ನಿಜ. ಆಹಾರಕ್ಕೆ ಶೇ 5ರಿಂದ 7.5ರಷ್ಟು ಸೋಡಿಯಂ ಸ್ಯಾಕರಿನ್ ಬೆರೆಸಿದಾಗ, ಮುಖ್ಯವಾಗಿ ಗಂಡು ಇಲಿಗಳ ಮೂತ್ರಕೋಶದಲ್ಲಿ. 1977ರಲ್ಲಿ ಕೆನಡಾ ಅದನ್ನು ಆಹಾರದಲ್ಲಿ ಬಳಸುವುದನ್ನೇ ನಿಷೇಧಿಸಿತು. ಗಡ್ಡೆ ಹೇಗೆ ಬಂತು ಎಂಬುದು ತಿಳಿದದ್ದು ಆಮೇಲೆ. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನು ಜಾಸ್ತಿ. ಅಷ್ಟು ಸ್ಯಾಕರಿನ್ ಸೇರಿದಾಗ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ಇಳಿದು ಒಳಪೊರೆಯನ್ನು ಕೆಡಿಸುತ್ತದೆ. ಕೆಟ್ಟ ಪೊರೆ ಮತ್ತೆ ಮತ್ತೆ ಬೆಳೆಯುತ್ತ ಗಡ್ಡೆಗೆ ತಿರುಗುತ್ತದೆ. ಡಿಎನ್‌ಎಗೆ ಸ್ಯಾಕರಿನ್ ಅಂಟುವುದಿಲ್ಲ, ನಮ್ಮ ಮೂತ್ರದ ರಚನೆಯೂ ಬೇರೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 1999ರಲ್ಲಿ ಅದನ್ನು 2ಬಿ (ಕ್ಯಾನ್ಸರ್ ತರಬಹುದು) ಗುಂಪಿನಿಂದ 3ನೇ ಗುಂಪಿಗೆ (ತೀರ್ಮಾನಕ್ಕೆ ಪುರಾವೆ ಸಾಲದು) ಇಳಿಸಿತು.

ಹಾಗೆಂದು ಇಲಿಯನ್ನೇ ತಳ್ಳಿಹಾಕಬೇಡಿ. ಬೂಷ್ಟು ಹಿಡಿದ ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಇಲಿಯ ಯಕೃತ್ತಿನಲ್ಲೂ ನಮ್ಮದರಲ್ಲೂ ರೂಪ ಬದಲಿಸಿ ಡಿಎನ್‌ಎಗೇ ಅಂಟಿ ಕ್ಯಾನ್ಸರ್ ತರುತ್ತದೆ. ಬೆಳೆದ ಸುಂಡಿಲಿ (ಇಲಿಗಿಂತ ಚಿಕ್ಕದಾದ ಮೌಸ್) ಮಾತ್ರ ಅದಕ್ಕೆ ಜಗ್ಗುವುದಿಲ್ಲ, ಅದರ ಯಕೃತ್ತಿನ ಕಿಣ್ವ ವಿಷವನ್ನು ಮೊದಲೇ ಮುರಿದುಹಾಕುತ್ತದೆ. ಸುಂಡಿಲಿಯೊಂದರಲ್ಲೇ ನೋಡಿದ್ದರೆ ಅಫ್ಲಾಟಾಕ್ಸಿನ್ ಪಾಸಾಗಿಬಿಡುತ್ತಿತ್ತು. ಎರಡು ಜಾತಿಯ ಪ್ರಾಣಿ ಬೇಕೆನ್ನುವುದು ಇದಕ್ಕೇ.

ಪ್ರಶ್ನೆ: ಅಂಥ ಶೇಂಗಾ ತೊಳೆದು ಹುರಿದರೆ ಸಾಲದೇ?

ಸಾಲದು. ಎಸೆಯಿರಿ. ಎಣ್ಣೆ ತೆಗೆಸುತ್ತೇನೆ, ದನಕ್ಕೆ ಹಾಕುತ್ತೇನೆ ಎನ್ನಬೇಡಿ; ಹಿಂಡಿಯಿಂದ ವಿಷ ಹಾಲಿಗೆ ಬರುತ್ತದೆ.

ಪ್ರಶ್ನೆ: ರೋಡಮೈನ್-ಬಿ ಬಣ್ಣ ಕೂಡ 3ನೇ ಗುಂಪಿನದೇ. ಗೋಬಿ ಮಂಚೂರಿಗೆ ಹಾಕಬಾರದೆಂದು 2024ರಲ್ಲಿ ಸರ್ಕಾರ ಹೇಳಿದ್ದೇಕೆ?

3ನೇ ಗುಂಪು ಎಂದರೆ ತೀರ್ಮಾನಕ್ಕೆ ಪುರಾವೆ ಸಾಲದು ಎಂದರ್ಥ, ಸುರಕ್ಷಿತ ಎಂದಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವುದಕ್ಕೆ ಅನುಮತಿಯೇ ಇಲ್ಲ.

ಪ್ರಶ್ನೆ: ತಂಬಾಕಿಲ್ಲದ ಎಲೆಅಡಿಕೆ?

1ನೇ ಗುಂಪು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ. ಬಾಯಿ ಕ್ಯಾನ್ಸರಿಗೆ ಪುರಾವೆ ಸಿಕ್ಕಿದ್ದು ಜಗಿಯುವ ಜನರಲ್ಲೇ, ಇಲಿಯ ನೆಪ ಹೇಳುವಂತಿಲ್ಲ. ಗುಂಪಿನ ಸಂಖ್ಯೆ ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ, ವಿಷ ಎಷ್ಟು ಘಾಟು ಎಂದಲ್ಲ.

ಪ್ರಶ್ನೆ: ಮೈಯೊಳಗಿನ ಕ್ಯಾನ್ಸರ್‌ಕಾರಕಗಳನ್ನು ತೊಳೆಯುವ ಡಿಟಾಕ್ಸ್ ಪುಡಿ ಕೊಳ್ಳಬಹುದೇ?

ಯಾವ ಪ್ರಾಣಿಗೆ, ಎಷ್ಟು ಕೊಟ್ಟು, ಎಷ್ಟು ದಿನ ನೋಡಿದಿರಿ ಎಂದು ಮಾರುವವನನ್ನೇ ಕೇಳಿ.