ಓದುಗರ ಪ್ರಶ್ನೆಗಳಿಗೆ ಉತ್ತರ: ಶೀಲಾ ಗೌಡ ಅವರ ಸಗಣಿ, ಸೂಜಿ ಮತ್ತು ಡಾಂಬರಿನ ಡ್ರಮ್ಮು

ಕಲಾವಿದೆ ಶೀಲಾ ಗೌಡ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಿರು ಟಿಪ್ಪಣಿಯನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಶೀಲಾ ಗೌಡ ನಮ್ಮೂರಿನಲ್ಲಿ ಹುಟ್ಟಿದವರೆಂದು ತಿಳಿದು ಸಂತೋಷವಾಯಿತು. ಚಿತ್ರಕಲೆ ಕಲಿತವರು ಶಿಲ್ಪದ ಕಡೆಗೆ ಹೊರಳಿದ್ದು ಏಕೆ?
– ಓದುಗರು, ಭದ್ರಾವತಿ

ಉತ್ತರ: ಅವರು 1957ರಲ್ಲಿ ನಿಮ್ಮೂರಿನಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ ಅವರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ ಮೊದಲ ಪಾಠ, ಆಮೇಲೆ ಶಾಂತಿನಿಕೇತನದ ವಿಶ್ವಭಾರತಿ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1986ರಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ. ಆ ಕಾಲದ ಅವರ ತೈಲವರ್ಣಗಳಲ್ಲಿ ಗಿಡಮರಗಳ ನಡುವೆ ಯೋಚನೆಯಲ್ಲಿ ಮುಳುಗಿದ ಹೆಣ್ಣುಮಕ್ಕಳು ಕಾಣುತ್ತಾರೆ. ಜಾನಪದ ರೂಪಗಳನ್ನೂ ಆಧುನಿಕ ಚಿತ್ರಭಾಷೆಯನ್ನೂ ಒಂದೇ ಅಂಗಳದಲ್ಲಿ ಕೂರಿಸಿದ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಅವರ ಪ್ರಭಾವವನ್ನೂ ಗುರುತಿಸಬಹುದು.

ತಿರುವು ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. 1992ರಲ್ಲಿ ಬಾಬರಿ ಮಸೀದಿ ಉರುಳಿತು, ಅದರ ಬೆನ್ನಿಗೇ ದೇಶದ ಹಲವೆಡೆ ರಕ್ತಪಾತವಾಯಿತು. ಕಣ್ಣೆದುರಿನ ಈ ಹಿಂಸೆಗೆ ತಾವು ಕಲಿತ ತೈಲವರ್ಣದ ಭಾಷೆ ಸಾಲದು ಎಂಬ ಅತೃಪ್ತಿಯಲ್ಲಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಆದರೆ ಒಂದು ದಿನ ಕುಂಚ ಬಿಸುಟು ಮರುದಿನ ಉಳಿ ಹಿಡಿದವರಲ್ಲ ಅವರು. ಮೊದಲು ಸಗಣಿ ಬಣ್ಣದ ಸ್ಥಾನದಲ್ಲಿ ಚಿತ್ರದ ಮೇಲೆಯೇ ಬಂತು, ನಂತರ ಉಂಡೆಯಾಗಿ, ಇಟ್ಟಿಗೆಯಾಗಿ ಗೋಡೆಯಿಂದ ನೆಲಕ್ಕೆ ಇಳಿಯಿತು. ಹೀಗಾಗಿ ಅವರನ್ನು ಚಿತ್ರಕಲೆ ಬಿಟ್ಟ ಶಿಲ್ಪಿ ಎನ್ನುವುದಕ್ಕಿಂತ, ಚಿತ್ರಕಾರ್ತಿಯ ಕಣ್ಣನ್ನು ಉಳಿಸಿಕೊಂಡೇ ಸಾಮಗ್ರಿಯನ್ನು ಬದಲಿಸಿದವರು ಎನ್ನುವುದು ನನ್ನ ಮಟ್ಟಿಗೆ ಹೆಚ್ಚು ಸರಿ.

ಪ್ರಶ್ನೆ: ಸಗಣಿಯನ್ನು ಗ್ಯಾಲರಿಯಲ್ಲಿಟ್ಟರೆ ಅದು ಕಲೆಯಾಗುತ್ತದೆಯೇ? ಬೆಚ್ಚಿಬೀಳಿಸುವುದಷ್ಟೇ ಉದ್ದೇಶವಲ್ಲವೇ?
– ಓದುಗರು, ಮೈಸೂರು

ಉತ್ತರ: ಬೆಚ್ಚಿಬೀಳಲು ಸಗಣಿ ನಮಗೆ ಅಪರಿಚಿತ ವಸ್ತುವಾಗಿರಬೇಕಿತ್ತು. ಅಂಗಳ ಸಾರಿಸಿದ, ಬೆರಣಿ ತಟ್ಟಿದ, ಸಂಕ್ರಾಂತಿಗೆ ಗೊಬ್ಬೆಮ್ಮ ಮಾಡಿಟ್ಟ ನಾಡಿನಲ್ಲಿ ಅದನ್ನು ಕಂಡು ಹೌಹಾರುವವರು ಯಾರು? ಈ ಪರಿಚಯವೇ ಕಲಾವಿದೆಗೆ ಬೇಕಾಗಿದ್ದದ್ದು. ಸಗಣಿ ಏಕಕಾಲಕ್ಕೆ ಪವಿತ್ರ ವಸ್ತು, ಬಡವರ ಉರುವಲು, ಹೆಣ್ಣುಮಕ್ಕಳ ನಿತ್ಯದ ದುಡಿಮೆ. ಗೋವು ರಾಜಕೀಯದ ಲಾಂಛನವಾಗಿ ಬಿಸಿಯೇರುತ್ತಿದ್ದ ಹೊತ್ತಿನಲ್ಲಿ, ಘೋಷಣೆಯನ್ನು ಬದಿಗಿಟ್ಟು, ಕೈ ಕೊಳೆಯಾಗುವ ಈ ದುಡಿಮೆಯನ್ನು ಮುಂದಿಟ್ಟದ್ದು ತಣ್ಣನೆಯ ಆದರೆ ಖಚಿತವಾದ ಪ್ರತಿಕ್ರಿಯೆ. 1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಸಾಲುಗಟ್ಟಿವೆ, ಗಾರೆ ಇರಬೇಕಾದ ಸಂದಿನಲ್ಲಿ ಕುಂಕುಮವಿದೆ. ಆ ಕೆಂಪು ಗೆರೆಯನ್ನು ಮಂಗಳದ್ರವ್ಯವೆಂದು ಓದಬೇಕೋ ಗಾಯವೆಂದು ಓದಬೇಕೋ ಎಂಬ ತೀರ್ಮಾನವನ್ನು ಕೃತಿ ನಿಮಗೇ ಬಿಡುತ್ತದೆ.

ಪ್ರಶ್ನೆ: ಗೋಡೆಯಿಂದ ನೆಲದವರೆಗೆ ಕೆಂಪು ಹಗ್ಗಗಳು ಇಳಿಬಿದ್ದಿರುವ ಒಂದು ಕೃತಿಯ ಫೋಟೋ ನೋಡಿದೆ. ಹಗ್ಗ ತೂಗುಹಾಕುವುದರಲ್ಲಿ ಏನು ಹೆಚ್ಚುಗಾರಿಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಫೋಟೋದಲ್ಲಿ ಅದು ಹಗ್ಗದಂತೆಯೇ ಕಾಣುತ್ತದೆ, ತಪ್ಪು ನಿಮ್ಮದಲ್ಲ. ಆದರೆ ಅದು ಅಂಗಡಿಯಲ್ಲಿ ಕೊಂಡ ಹಗ್ಗವಲ್ಲ. ನೂರು ಮೀಟರಿಗೂ ಮಿಕ್ಕಿ ಉದ್ದದ ಹೊಲಿಗೆಯ ದಾರವನ್ನು ಒಂದು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅಷ್ಟೂ ಉದ್ದವನ್ನು ಎಳೆದು, ಹೀಗೆಯೇ ಮತ್ತೊಂದು ಸೂಜಿ, ಮಗದೊಂದು ಸೂಜಿ ಎಂದು ಪೋಣಿಸುತ್ತ ಹೋಗಿ, ಆ ಎಳೆಗಳನ್ನೆಲ್ಲ ಸೇರಿಸಿ ಅಂಟು ಮತ್ತು ಕುಂಕುಮ ಸವರಿ ಒಂದು ಹುರಿಯಾಗಿಸಿದ್ದಾರೆ. ಹುರಿಯ ತುದಿಗೆ ಹೋಗಿ ನೋಡಿದರೆ ಪೋಣಿಸಿದ ಸೂಜಿಗಳೆಲ್ಲ ಅಲ್ಲೇ ಗೊಂಚಲಾಗಿ ತೂಗುತ್ತಿರುತ್ತವೆ. ದೂರದಿಂದ ಗಾಳಿಯಲ್ಲಿ ಬರೆದ ರೇಖಾಚಿತ್ರದಂತಿರುವುದು ಹತ್ತಿರ ಹೋದಾಗ ಕರುಳಾಗಿಯೋ ಹೊಕ್ಕುಳಬಳ್ಳಿಯಾಗಿಯೋ ಕಾಣತೊಡಗುತ್ತದೆ, ತುದಿಯ ಸೂಜಿಗಳು ಚುಚ್ಚುವ ನೋವನ್ನೂ ನೆನಪಿಸುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದ ಈ ಕೃತಿಗೆ ‘ನನ್ನ ನೋವನ್ನು ಅವನಿಗೆ ಹೇಳು’ ಎಂಬರ್ಥದ ಇಂಗ್ಲಿಷ್ ಹೆಸರಿದೆ. ಮುಂದಿನ ವರ್ಷಗಳಲ್ಲಿ ಕಲಾವಿದೆ ಇದನ್ನು ಬೇರೆ ಬೇರೆ ಜಾಗಗಳಿಗೆ ತಕ್ಕಂತೆ ಮತ್ತೆ ಮತ್ತೆ ಹೊಂದಿಸಿದ್ದಾರೆ. ಮನೆಯ ಮೂಲೆಯಲ್ಲಿ ಕುಳಿತು ಹೊಲಿದವರ ಲೆಕ್ಕಕ್ಕೆ ಸಿಗದ ಗಂಟೆಗಳನ್ನು ಕಣ್ಣಿಗೆ ಕಾಣುವ ತೂಕವಾಗಿಸಿದ್ದೇ ನೀವು ಕೇಳಿದ ಹೆಚ್ಚುಗಾರಿಕೆ.

ಪ್ರಶ್ನೆ: ಕಾರಿನ ಬಂಪರು ಮತ್ತು ಮನುಷ್ಯರ ಕೂದಲು ಬಳಸಿದ ಕೃತಿ ವೆನಿಸ್ಸಿನಲ್ಲಿ ಪ್ರದರ್ಶನಗೊಂಡಿತ್ತಂತೆ. ಇವೆರಡಕ್ಕೂ ಏನು ನಂಟು?
– ಓದುಗರು, ತುಮಕೂರು

ಉತ್ತರ: ನಂಟು ನಮ್ಮ ರಸ್ತೆಗಳಲ್ಲೇ ಇದೆ. ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಪ್ಪು ಕೂದಲಿನ ಹಗ್ಗ ಸುತ್ತುವವರನ್ನು ನೀವೂ ಕಂಡಿರುತ್ತೀರಿ. ಹರಕೆ ಹೊತ್ತವರು ದೇವಸ್ಥಾನಗಳಲ್ಲಿ ಮುಡಿ ಕೊಡುತ್ತಾರೆ. ಉದ್ದನೆಯ ಕೂದಲು ವಿಗ್ಗಿನ ಮಾರುಕಟ್ಟೆಗೆ ಹೋದರೆ, ಉಳಿದ ಗಿಡ್ಡ ಕೂದಲು ಇಂಥ ಹಗ್ಗವಾಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ತೋರಿಸಿದ ‘ಬಿಹೋಲ್ಡ್’ ಕೃತಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗವು ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿ ಹಿಡಿದಿದೆ. ಉಕ್ಕನ್ನು ಕೂದಲು ಹೊತ್ತಿರುವುದು ಕಣ್ಣಿಗೆ ವಿಚಿತ್ರ. ಯಂತ್ರ ಕೊಂಡವನ ಭಯವನ್ನು ಭಕ್ತರ ಮುಡಿ ಹೊರುತ್ತಿರುವುದು ಅದಕ್ಕಿಂತ ವಿಚಿತ್ರ. ಕೃತಿ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ.

ಪ್ರಶ್ನೆ: ಇಂಥ ಕೃತಿಗಳನ್ನು ಅರ್ಥ ಮಾಡಿಕೊಳ್ಳಲು ಸಾಮಾನ್ಯ ಪ್ರೇಕ್ಷಕ ಎಲ್ಲಿಂದ ಆರಂಭಿಸಬೇಕು?
– ಓದುಗರು, ಉಡುಪಿ

ಉತ್ತರ: ವಸ್ತುವಿನಿಂದ ಆರಂಭಿಸಬೇಕು, ಗೋಡೆಯ ಮೇಲಿನ ವಿವರಣೆಯಿಂದ ಅಲ್ಲ. (ಆ ವಿವರಣೆಗಳ ಭಾಷೆಯೇ ಅರ್ಧದಷ್ಟು ಪ್ರೇಕ್ಷಕರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತದೆ.) 2012ರ ಮೊದಲ ಕೊಚ್ಚಿ ಬಿಯೆನಾಲೆಗೆ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಸ್ ಕಲಾವಿದ ಕ್ರಿಸ್ಟಾಫ್ ಸ್ಟೋರ್ಜ್ ಸೇರಿ ಒಯ್ದದ್ದು 170 ರುಬ್ಬುವ ಕಲ್ಲುಗಳನ್ನು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ, ಹಳೆಯ ಮನೆಗಳನ್ನು ಕೆಡವಿದ ಮೇಲೆ, ಬೆಂಗಳೂರಿನ ಬೀದಿಬದಿಯಲ್ಲಿ ಬಿದ್ದುಕೊಂಡಿದ್ದ ಕಲ್ಲುಗಳವು. ಒಡೆದುಹಾಕಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಹೀಗೆ ಹೊರಗೆ ಬಿದ್ದ ಕಲ್ಲುಗಳನ್ನು ಹಿಂದೆ ಸಂಬಾರ ವ್ಯಾಪಾರದ ನೆಲೆಯಾಗಿದ್ದ ಆಸ್ಪಿನ್‌ವಾಲ್ ಹೌಸಿನ ಆವರಣದಲ್ಲಿ ಇಟ್ಟಾಗ ಬೇರೆ ವ್ಯಾಖ್ಯಾನ ಬೇಕಾಗಿರಲಿಲ್ಲ.

ಇನ್ನೊಂದು ಉದಾಹರಣೆ 2006ರ ‘ಡಾರ್ಕ್‌ರೂಮ್’. ಡಾಂಬರಿನ ಖಾಲಿ ಡ್ರಮ್ಮುಗಳು ಮತ್ತು ಅವನ್ನು ಸೀಳಿ ಚಪ್ಪಟೆ ಮಾಡಿದ ತಗಡುಗಳಿಂದ ಕಟ್ಟಿದ ಕೋಣೆ ಅದು. ರಸ್ತೆ ಕೆಲಸದವರು ಅದೇ ಡ್ರಮ್ಮಿನ ತಗಡಿನಲ್ಲಿ ತಮಗೊಂದು ಸೂರು ಮಾಡಿಕೊಳ್ಳುವುದನ್ನು ಹೆದ್ದಾರಿಗಳ ಪಕ್ಕ ನೋಡಿದವರಿಗೆ ಮೂಲ ಎಲ್ಲಿಯದೆಂದು ಹೇಳಬೇಕಾಗಿಲ್ಲ. ಹೊರಗಿನಿಂದ ಕಂಬಸಾಲಿನ ಕೋಟೆಯ ಗತ್ತು. ಬಗ್ಗಿ ಒಳಗೆ ಹೊಕ್ಕರೆ ಕತ್ತಲು, ತಲೆಯ ಮೇಲೆ ತಗಡಿಗೆ ಕೊರೆದ ಸಣ್ಣ ಸಣ್ಣ ತೂತುಗಳಿಂದ ಇಳಿಯುವ ಬೆಳಕಿನ ನಕ್ಷತ್ರಗಳು.

ಪ್ರಶ್ನೆ: ಅವರಿಗೆ ಸಂದ ಗೌರವಗಳಾವುವು? ಈಗಲೂ ಚಿತ್ರ ಬರೆಯುತ್ತಾರೆಯೇ?
– ಓದುಗರು, ಕಲಬುರಗಿ

ಉತ್ತರ: 2007ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ನಡೆಯುವ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನ ಡಾಕ್ಯುಮೆಂಟಾದ 12ನೆಯ ಆವೃತ್ತಿಯಲ್ಲಿ ಭಾಗವಹಿಸಿದರು, ಸಮಕಾಲೀನ ಕಲೆಗೆ ಮೀಸಲಾದ 2014ರ ಹ್ಯೂಗೋ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. 2019ರಲ್ಲಿ ಆಸ್ಟ್ರಿಯಾದ ಚಿತ್ರಕಲಾವಿದೆ ಮರಿಯಾ ಲಾಸ್ನಿಗ್ ಹೆಸರಿನ ಪ್ರಶಸ್ತಿ ಬಂತು. ಅದೇ ವರ್ಷ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೋಕಾ ಎಂಬ ಕಲಾಕೇಂದ್ರದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ವಾಸ ಮತ್ತು ಕೆಲಸ ಬೆಂಗಳೂರಿನಲ್ಲೇ.

ಶಿಲ್ಪದ ಕಡೆಗೆ ಹೊರಳಿದ ಮೇಲೂ ಅವರು ಚಿತ್ರ ಬರೆದಿದ್ದಾರೆ. 2004ರಲ್ಲಿ ಪತ್ರಿಕಾ ಛಾಯಾಚಿತ್ರವನ್ನು ಆಧರಿಸಿ ಜಲವರ್ಣದಲ್ಲಿ ಮಾಡಿದ ಸರಣಿಗೆ ಅವರು ಸಂಜಯನ ಹೆಸರನ್ನಿಟ್ಟರು. ದೂರದ ಯುದ್ಧವನ್ನು ಕುರುಡು ದೊರೆಗೆ ಬಣ್ಣಿಸಿದವನ ಹೆಸರು ಪತ್ರಿಕೆಯ ಫೋಟೋಗೆ ಚೆನ್ನಾಗಿಯೇ ಒಪ್ಪುತ್ತದೆ. ಅದನ್ನು ನೋಡುವ ನಮ್ಮನ್ನು ಯಾವ ಸ್ಥಾನದಲ್ಲಿ ಕೂರಿಸಲಾಗಿದೆ ಎಂಬುದನ್ನೂ ಆ ಹೆಸರು ಮುಚ್ಚಿಡುವುದಿಲ್ಲ.