ಜೋಡಿ ಎಕ್ಕ ಸೋತಿದ್ದಕ್ಕೆ ಕೊರಗಬೇಡಿ

ಪೋಕರ್ ಆಟದಲ್ಲಿ ಜೋಡಿ ಎಕ್ಕ ಹಿಡಿದೂ ಜೋಡಿ ರಾಜನೆದುರು ಚಿಪ್ಸ್ (ಪಣಕ್ಕಿಡುವ ಬಿಲ್ಲೆಗಳು) ಎಲ್ಲ ಕಳೆದುಕೊಂಡೆ, ಎಲ್ಲಿ ಎಡವಿದೆ ಎಂದು ಕೇಳಿದ್ದೀರಿ. ಆ ಕೈಯಲ್ಲಂತೂ, ಅಂದರೆ ಆ ಸುತ್ತಿನಲ್ಲಂತೂ, ಎಲ್ಲೂ ಇಲ್ಲ. ಪೋಕರ್‌ನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳು ಬೀಳುವ ಮೊದಲೇ ಇವೆರಡು ಎದುರಾದರೆ, ನೂರಕ್ಕೆ ಸುಮಾರು 82 ಸಲ ಎಕ್ಕವೇ ಗೆಲ್ಲುತ್ತದೆ. ಉಳಿದ 18ರಲ್ಲಿ ಒಂದು ನಿಮ್ಮ ಪಾಲಿಗೆ ಬಂತು, ಅಷ್ಟೇ.

ನನ್ನ ಕಣ್ಣಿಗೆ ಬಿದ್ದದ್ದು ನೀವು ಕೊನೆಯಲ್ಲಿ ತೇಲಿಸಿ ಬಿಟ್ಟ ಸಾಲು: ಮರುಕ್ಷಣವೇ ಮತ್ತೆ ಚಿಪ್ಸ್ ಕೊಂಡು, ಬೇರೆ ಬೇರೆ ಜಾತಿಯ (ಒಂದು ಇಸ್ಪೀಟು, ಇನ್ನೊಂದು ಆಟೀನು ಎಂಬಂತೆ) ಏಳು-ಎರಡನ್ನೂ ಬಿಡದೆ ಆಡಿದಿರಿ. ಆಟದಲ್ಲೇ ಅತಿ ದುರ್ಬಲವೆಂದು ಹೆಸರಾದ ಎಲೆಗಳು ಅವು! ಸೋತ ಸಿಟ್ಟಿನಲ್ಲಿ ಹೀಗೆ ಯೋಚಿಸದೆ ಆಡುವ ಸ್ಥಿತಿಯನ್ನು ಪಳಗಿದವರು ‘ಟಿಲ್ಟ್’ ಎನ್ನುತ್ತಾರೆ. ಸೋತಾಗ ಅವರ ಹೊಟ್ಟೆಯೂ ಉರಿಯುತ್ತದೆ. ಆದರೆ ಎದ್ದು ಹೋಗಿ ಚಹಾ ಕುಡಿಯುತ್ತಾರೆ. ನಾನಂತೂ ಎರಡು ದೊಡ್ಡ ಕೈ ಸೋತರೆ ಅಂದಿನ ಮಟ್ಟಿಗೆ ಮೇಜು ಬಿಟ್ಟೇಳುತ್ತೇನೆ, ಮೂರನೆಯದಕ್ಕೆ ಎಕ್ಕವೇ ಬರುವಂತಿದ್ದರೂ.