ಗುಲಾಮಗಿರಿ ಇಲ್ಲದ ರಾಜ್ಯದಲ್ಲಿ ಹರಾಜು

ಪ್ರಶ್ನೆ: ಕ್ಯಾಲಿಫೋರ್ನಿಯಾದ 1849ರ ಸಂವಿಧಾನವೇ ಗುಲಾಮಗಿರಿಯನ್ನು ನಿಷೇಧಿಸಿತ್ತು. ಆದರೂ ಅಲ್ಲಿ ಮೂಲನಿವಾಸಿಗಳನ್ನು ಬಲವಂತವಾಗಿ ದುಡಿಸಿಕೊಂಡದ್ದು ಹೇಗೆ?

ಉತ್ತರ: ಕಾನೂನಿನ ಮೂಲಕವೇ. 1850ರ ಕಾಯ್ದೆಯಂತೆ, ನಾಗರಿಕನೊಬ್ಬ ದೂರು ಕೊಟ್ಟು, ಮೂಲನಿವಾಸಿಯೊಬ್ಬ ಅಲೆಮಾರಿ ಎಂದು ತೀರ್ಮಾನವಾದರೆ ಸಾಕು. 24 ಗಂಟೆಯೊಳಗೆ ಆ ಮೂಲನಿವಾಸಿಯನ್ನು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ನಾಲ್ಕು ತಿಂಗಳವರೆಗೆ ದುಡಿಯಲು ಒಪ್ಪಿಸುತ್ತಿದ್ದರು. ಲಾಸ್ ಏಂಜಲೀಸ್‌ನ ದ್ರಾಕ್ಷಿತೋಟಗಳಲ್ಲಿ ಕೂಲಿಯ ಬದಲು ಎಷ್ಟೋ ಸಲ ಬ್ರಾಂದಿ ಕೊಡುತ್ತಿದ್ದರು. ಕುಡಿದವರನ್ನು ಮತ್ತೆ ಹಿಡಿದು, ಮತ್ತೆ ಹರಾಜು!

ಮಕ್ಕಳ ಪಾಡು ಇನ್ನೂ ಘೋರ. ಹುಡುಗರು 18, ಹುಡುಗಿಯರು 15 ವರ್ಷ ತುಂಬುವವರೆಗೆ ಧಣಿಯ ವಶ. 1860ರ ತಿದ್ದುಪಡಿ ಈ ಮಿತಿಯನ್ನೂ ಏರಿಸಿತು. ಹೆತ್ತವರ ಒಪ್ಪಿಗೆ ಬೇಕಿತ್ತು ನಿಜ, ಆದರೆ ಅಪಹರಣಕಾರರು ಹೆತ್ತವರನ್ನೇ ಕೊಂದು ಮಕ್ಕಳನ್ನು ಮಾರಿದರು. ಮೂಲನಿವಾಸಿಯ ಸಾಕ್ಷ್ಯದ ಮೇಲೆ ಬಿಳಿಯರನ್ನು ಶಿಕ್ಷಿಸುವಂತಿರಲಿಲ್ಲ. ಮಕ್ಕಳನ್ನು ವಶಕ್ಕೆ ಕೊಡುವ ಈ ಕಲಮುಗಳು ರದ್ದಾದದ್ದು 1863ರಲ್ಲಿ.